ಎಡಗವಲಿಗೆ ಕಟ್ಟಿದ ರಿಬ್ಬನ್

ಜುಲೈ ೪, ಬೆಳಿಗ್ಗೆ

ಇವತ್ತೂ ರಿಬ್ಬನ್. ತೂಗುಸೇತುವೆ ದಾಟಿದ ಮೊದಲ ತಿರುವಿನಿಂದ ಮಡುವಿನವರೆಗೆ ಮರಮರಕ್ಕೂ ಕಟ್ಟಿದ್ದಾರೆ. ಕೆಂಪು, ಹಳದಿ, ನೀಲಿ. ಒಂದೊಂದರ ಮೇಲೂ ಚಾರಣ ಸಂಘದ ಹೆಸರು, ಫೋನ್ ನಂಬರು. ಮರವೇನು ಇವರ ವಿಸಿಟಿಂಗ್ ಕಾರ್ಡೇ? ಎಲ್ಲ ಬಿಚ್ಚಿದೆ. ಚೀಲ ತುಂಬಿತು. ಕಳೆದ ವಾರವೂ ತುಂಬಿತ್ತು.

ಬತು ಮಾಮ ಅಡಿಕೆ ಜಗಿಯುತ್ತ ಹಿಂದೆ ಹಿಂದೆ ಬಂದರು.

"ಬಿಚ್ಚು, ಬಿಚ್ಚು. ಅವ್ರು ಕಟ್ಟೋದು, ನೀನು ಬಿಚ್ಚೋದು. ಇಬ್ರಿಗೂ ಒಳ್ಳೇ ವ್ಯಾಯಾಮ."

"ಮಾಮ, ನದಿ ಕಾವಲು ಪಡೆಗೆ ನೀವು ಮುಖ್ಯಸ್ಥರು."

"ಅದಕ್ಕೇ ಬರೀ ಮಾತಾಡ್ತಿದೀನಿ. ಕೆಲಸ ಮಾಡೋದು ನೀನು."

ಕೋಪ ಇಳಿಯಲೆಂದು ಬರೆಯುತ್ತೇನೆ. ಮಾರ್ಚಿನಲ್ಲಿ ಇಡೀ ಊರು ಕೂಡಿ ತೀರ್ಮಾನಿಸಿತು — ಸೇತುವೆಯಿಂದ ಮೇಲೆ ಹೊಳೆ ಮುಚ್ಚಿದೆ. ಮೀನು ಹಿಡಿಯುವಂತಿಲ್ಲ, ಈಜುವಂತಿಲ್ಲ. ನಮ್ಮವರೂ ಇಲ್ಲ, ಹೊರಗಿನವರೂ ಇಲ್ಲ. ಮೀನು ಮರಳಿ ತುಂಬಲಿ. ಆಗಸ್ಟ್ ಕೊನೆಗೆ ಮತ್ತೆ ಸಭೆ, ಮುಂದುವರಿಸುವುದೋ, ತೆರೆಯುವುದೋ. ಅಂಗಡಿಯವರೆಲ್ಲ ತೆರೆಯಿರಿ ಎನ್ನುತ್ತಾರೆ. ನಮ್ಮ ಇಪಾಯ್ ಚಿಕ್ಕಮ್ಮ ಮೊದಲು. ನಾನು ಅವಳ ಅಂಗಡಿಯಲ್ಲೇ ಬೆಳಿಗ್ಗೆ ಚಹಾ ನೀರಿನಲ್ಲಿ ಮೊಟ್ಟೆ ಬೇಯಿಸುತ್ತೇನೆ, ಮಧ್ಯಾಹ್ನ ಅವಳ ಗಿರಾಕಿಗಳನ್ನು ಹೊಳೆಯಿಂದ ಓಡಿಸುತ್ತೇನೆ.

ವಿದ್ಯಾರ್ಥಿ ಸಂಘದ ಕರಪತ್ರದಲ್ಲಿ ಇರುವುದು ನಿಜ. "ದಾರಿ ತೋರಿಸುವವನೇ ಮೊದಲ ಆಕ್ರಮಣಕಾರ." ಬಂದೂಕಿಗಿಂತ ಮೊದಲು ನಕ್ಷೆ ಬಂದಿತ್ತು. ನಕ್ಷೆಗಿಂತ ಮೊದಲು ಹೀಗೇ ಒಂದು ಗುರುತು.

ಜುಲೈ ೭, ಭಾನುವಾರ

ಮಡುವಿನ ತುಂಬ ತೈಪೆ ನಗರದವರು. ಕೆಂಡದ ಮೇಲೆ ಸಾಸೇಜು. ಬಂಡೆಯ ಮೇಲೆ ಹಾಡಿನ ಡಬ್ಬಿ. ನೀರಿನ ಮೇಲೆ ಸನ್‌ಸ್ಕ್ರೀನಿನ ಎಣ್ಣೆ — ಕಾಮನಬಿಲ್ಲಿನ ಹಾಗೆ, ಆದರೆ ಹೊಲಸು.

"ಇಲ್ಲಿ ಈಜೋ ಹಾಗಿಲ್ಲ. ಬೋರ್ಡು ನೋಡ್ಲಿಲ್ವಾ?"

ನೀಲಿ ಟೋಪಿಯ ಗಂಡಸು ನೀರಲ್ಲಿ ಮಲಗಿಕೊಂಡೇ ಉತ್ತರ ಕೊಟ್ಟ. "ನೋಡಿದ್ವಿ. ಅದರ ಮೇಲೇ ಟವೆಲ್ ಒಣಗ್ಹಾಕಿದೀವಿ."

"ಮೀನಿಗೋಸ್ಕರ ಹೊಳೆ ಮುಚ್ಚಿದೆ. ಎದ್ದು ಬನ್ನಿ."

"ನೀರು ಯಾರದಮ್ಮ? ನಿಮ್ಮ ತಾತ ಸುರಿದು ಹೋಗಿದ್ದಾ?"

"ನದಿ ಸರಕಲ್ಲ. ನದಿಗೆ ನೆನಪಿದೆ. ಆ ನೆನಪಿಗೆ ಕಾವಲು ನಾವು."

ಜೋರಾಗಿ ಹೇಳಿದೆ. ಪುಸ್ತಿಕೆಯಲ್ಲಿ ಓದುವಾಗ ಮೈ ಜುಮ್ಮೆಂದಿದ್ದ ಮಾತು. ಅಲ್ಲಿ, ಸಾಸೇಜಿನ ಹೊಗೆಯಲ್ಲಿ, ಯಾಕೋ ಸಪ್ಪೆಯಾಗಿ ಕೇಳಿಸಿತು. ನಕ್ಕರು. ಕೆಟ್ಟದಾಗಿ ಅಲ್ಲ. ಒಬ್ಬ ಹೆಂಗಸು ಕಲ್ಲಂಗಡಿ ಹೋಳು ಚಾಚಿದಳು. "ಬಿಸಿಲಲ್ಲಿ ಬಂದಿದೀಯ, ತಗೋ. ತಿಂದ್ಕೊಂಡು ಬೈ."

ತಿಂದೆ. ಯಾಕೆ ತಿಂದೆ? ರಸ ಮೊಣಕೈವರೆಗೆ ಇಳಿಯಿತು. ಕೈ ತೊಳೆಯಲು ಹೊಳೆಗೇ ಬಗ್ಗಬೇಕಾಯಿತು. ನೀರು ಎಷ್ಟು ತಣ್ಣಗಿತ್ತು. ಮಾರ್ಚಿನಿಂದ ಇಳಿದಿಲ್ಲ ನಾನು. ನಡೆಯಲು ಕಲಿಯುವ ಮೊದಲೇ ಇಲ್ಲಿ ಈಜಿದವಳು.

ರಾತ್ರಿ ಕಟ್ಟು ತೆಗೆದು ನೋಡಿದೆ. ವಿದ್ಯಾರ್ಥಿ ಸಂಘ ಅಂಚೆಯಲ್ಲಿ ಕಳಿಸುವ ತೆಳು ಪುಸ್ತಿಕೆಗಳು. ಒಂದರಲ್ಲಿ "ನದಿ ನಮ್ಮದು". ಇನ್ನೊಂದರಲ್ಲಿ "ನದಿ ಎಲ್ಲರದು". ಎರಡರ ಕೆಳಗೂ ಕೆಂಪು ಗೆರೆ. ಎಳೆದಿದ್ದು ನಾನೇ.

ಜುಲೈ ೯

ಉಪಾಯ ಹೊಳೆಯಿತು. ಬಿಚ್ಚಬಾರದು. ತಿರುಗಿಸಬೇಕು.

ಕರ್ಪೂರದ ಮರದ ಹತ್ತಿರ ದಾರಿ ಕವಲೊಡೆಯುತ್ತದೆ. ಬಲಕ್ಕೆ ಇಳಿದರೆ ಮಡು. ಎಡಕ್ಕೆ ಹತ್ತಿದರೆ ಹಳೆ ಊರು — ಜಪಾನಿಯರು ಆಳುವಾಗ ಬೆಟ್ಟದ ನಮ್ಮ ಜನರನ್ನು ಕೆಳಕ್ಕೆ ಇಳಿಸುವ ಮೊದಲಿನದು. ಈಗ ಅಲ್ಲಿ ಬಿದಿರು ಮೆಳೆ, ಬಿದ್ದ ಗೋಡೆಕಲ್ಲು, ಸೊಳ್ಳೆ. ಅದರಾಚೆ ನಾನೂ ಹೋಗಿಲ್ಲ. ಚಿಕ್ಕವರಿದ್ದಾಗ ಬತು ಮಾಮ ಅಲ್ಲಿಂದಲೇ ನಮ್ಮನ್ನು ಅಟ್ಟುತ್ತಿದ್ದರು. "ಆಚೆ ಕಣಜದ ಗೂಡಿದೆ, ಮುಖ ಹಂಡೆ ಆಗುತ್ತೆ."

ಬಲಗವಲಿನ ರಿಬ್ಬನ್ ಬಿಚ್ಚಿ ಎಡಕ್ಕೆ ಕಟ್ಟಿದರೆ? ಹತ್ತುತ್ತಾರೆ, ಬೆವರುತ್ತಾರೆ, ಬಿದಿರು ನೋಡುತ್ತಾರೆ, ಬೈದುಕೊಂಡು ಇಳಿಯುತ್ತಾರೆ. ಯಾರಿಗೂ ಪೆಟ್ಟಿಲ್ಲ. ಬೇಲಿ ಇಲ್ಲ, ಜಗಳ ಇಲ್ಲ.

ಮಧ್ಯಾಹ್ನವೇ ಕಟ್ಟಿಬಂದೆ. ಬಿದಿರು ಮೆಳೆಯ ಅಂಚಿನವರೆಗೆ. ಅವರ ಬಣ್ಣ, ಅವರ ಹೆಸರು, ಅವರದೇ ಗಂಟು. ಯಾರಿಗೂ ಹೇಳಿಲ್ಲ. ಇಡೀ ದಿನ ಸಿಳ್ಳೆ ಹಾಕಿಕೊಂಡು ತಿರುಗಿದೆ.

ಜುಲೈ ೧೪, ಭಾನುವಾರ

ಮಡು ಖಾಲಿ.

ಬಂಡೆಯ ಮೇಲೆ ಹೊಟ್ಟೆ ಹಚ್ಚಿ ಮಲಗಿ ನೋಡಿದೆ. ಬೆರಳುದ್ದದ ಮರಿಗಳು, ಕಲ್ಲಿನ ಪಾಚಿ ಕೆರೆಯುತ್ತ. ಪಕ್ಕಕ್ಕೆ ಹೊರಳಿದಾಗ ಬೆಳ್ಳಿ ಮಿಂಚು. ಎಷ್ಟು ಎಂದರೆ — ಹೊಳೆಯೇ ಕಣ್ಣು ಮಿಟುಕಿಸುತ್ತಿದೆ ಅನ್ನಿಸಿತು. ಅಳು ಬಂತು. ಇದಕ್ಕಾಗಿ ಏನು ಬೇಕಾದರೂ ಮಾಡಬಹುದು.

ಸಂಜೆ ಅಂಗಡಿಗೆ ಚಾರಣದ ಗುಂಪುಗಳು ಶಪಿಸುತ್ತ ಬಂದವು.

"ಮಡು ಎಲ್ಲಿ ಹೋಯ್ತು? ರಿಬ್ಬನ್ ಹಿಡ್ಕೊಂಡು ಹೋದ್ರೆ ಬಿದಿರು."

ಇಪಾಯ್ ಚಿಕ್ಕಮ್ಮ ಪ್ಲಮ್ ಶರಬತ್ತು ಸುರಿಯುತ್ತ, "ಬೆಟ್ಟ ಅಲ್ವಾ, ಆಗಾಗ ಮಗ್ಗುಲು ಬದಲಾಯಿಸುತ್ತೆ" ಅಂದಳು. ಅವರು ಹೋದ ಮೇಲೆ ನನ್ನ ಕಡೆ ತಿರುಗಿ — "ಯಾರ ಕೆಲಸವೋ ಗೊತ್ತಿಲ್ಲ. ಶರಬತ್ತು ಮಾತ್ರ ದುಪ್ಪಟ್ಟು ಹೋಯ್ತು. ಈಜಿದೋರಿಗಿಂತ ದಾರಿ ತಪ್ಪಿದೋರಿಗೆ ಬಾಯಾರಿಕೆ ಜಾಸ್ತಿ."

ನನ್ನ ಹೋರಾಟದಿಂದ ಅವಳ ವ್ಯಾಪಾರ ಬೆಳೆಯಿತು. ಇದಕ್ಕೆ ಯಾವ ಪುಸ್ತಿಕೆಯಲ್ಲೂ ಹೆಸರಿಲ್ಲ.

ಜುಲೈ ೨೦, ಶನಿವಾರ, ೩ ಗಂಟೆ

ಆಂಬುಲೆನ್ಸ್. ಅಗ್ನಿಶಾಮಕದವರ ಕೆಂಪು ಜೀಪು. ಪೇಟೆಯ ಚಿಯೆನ್ ಮೇಷ್ಟ್ರು ಎಂಬವರು, ನಿವೃತ್ತರು, ಎಪ್ಪತ್ತು ದಾಟಿದವರು, ಬೆಳಿಗ್ಗೆ ಒಬ್ಬರೇ ಬಂದಿದ್ದಾರೆ. ಹೆಂಡತಿಗೆ "ಮಡುವಿಗೆ ಹೋಗಿ ಈಜ್ಕೊಂಡು ಊಟದ ಹೊತ್ತಿಗೆ ಬರ್ತೀನಿ" ಅಂದಿದ್ದರಂತೆ. ಬಂದಿಲ್ಲ. ಫೋನ್ ಸಿಗುತ್ತಿಲ್ಲ.

ಮಡುವಿಗೆ ಮುಳುಗುತಜ್ಞರನ್ನು ಇಳಿಸುತ್ತಿದ್ದಾರೆ.

ಅವರು ಮಡುವಿನಲ್ಲಿ ಇಲ್ಲ. ರಿಬ್ಬನ್ ಹಿಡಿದು ಹೋದವರು ಮಡುವಿನಲ್ಲಿ ಇರಲು ಸಾಧ್ಯವಿಲ್ಲ. ಇದು ಗೊತ್ತಿರುವುದು ನನಗೊಬ್ಬಳಿಗೆ.

ಅದೇ ದಿನ, ಸ್ವಲ್ಪ ಹೊತ್ತಾದ ಮೇಲೆ

ಅಂಗಡಿಯ ಹಿಂದೆ ಗ್ಯಾಸ್ ಸಿಲಿಂಡರ್ ಮೇಲೆ ಕೂತು ಬರೆಯುತ್ತಿದ್ದೇನೆ. ಬರೆದರೆ ತಲೆ ತಿಳಿಯಾಗುತ್ತದೆ ಎಂದು. ಆಗುತ್ತಿಲ್ಲ.

ಹೇಳಿದರೆ — ಕಾವಲು ಪಡೆಯವರೇ ಜನರ ದಾರಿ ತಪ್ಪಿಸಿದರು ಎಂದಾಗುತ್ತದೆ. ಆಗಸ್ಟ್ ಸಭೆ ಮುಗಿದ ಹಾಗೆ. ಹೊಳೆ ತೆರೆಯುತ್ತದೆ. ಮರಿಮೀನು ಅಷ್ಟೂ ಹೋಗುತ್ತದೆ. ಬತು ಮಾಮನ ಮುಖ.

ಹೇಳದಿದ್ದರೆ — ಆದರೆ ಬಲಗವಲಿನ ದಾರಿ ಅವರಿಗೆ ಮೊದಲೇ ಗೊತ್ತಿದ್ದರೆ? ರಿಬ್ಬನ್ ನೋಡದೇ ಇದ್ದಿರಬಹುದು. ಆಗ ಹೇಳಿದ್ದೂ ದಂಡ. ಬಿದಿರು ಮೆಳೆ ನೋಡಿ ಹಿಂದಿರುಗಿ ಬೇರೆ ಬಸ್ಸು ಹತ್ತಿರಬಹುದು. ಎಲ್ಲರೂ ಹಿಂದಿರುಗಿದ್ದಾರಲ್ಲ. ಇವರೊಬ್ಬರು ಯಾಕೆ ಇಲ್ಲ?

ಮೇಷ್ಟ್ರ ಹೆಂಡತಿ ಬಂದರು. ಸಣ್ಣ ಜೀವ, ಬಿಳಿ ಕೂದಲು, ಸಂತೆಗೆ ಹೋಗುವ ಚೀಲ. ದಿನಚರಿ ಹಿಡಿದುಕೊಂಡೇ ಸೇತುವೆಯ ಮೇಲೆ ಬಂದು ನೋಡಿದೆ. ಮಡುವಿನ ಪಕ್ಕ ಕೂತು ಚೀಲದಿಂದ ಗಂಡಸಿನ ಅಂಗಿ ತೆಗೆದರು. ಎರಡು ಕೈಯಲ್ಲಿ ಹಿಡಿದು ನೀರಿನ ಕಡೆ ಬೀಸುತ್ತ ಹೆಸರು ಕರೆಯುತ್ತಿದ್ದಾರೆ. ಜೋರಾಗಿ ಅಲ್ಲ. ಊಟಕ್ಕೆ ಕರೆದ ಹಾಗೆ.

ಬಿಸಿಲು ಸೇತುವೆ ಬಿಟ್ಟು ಗುಡ್ಡ ಹತ್ತಿತು. ನಾನು ಇನ್ನೂ ಇಲ್ಲೇ ಇದ್ದೇನೆ. ಕಾಲು ಯಾಕೆ ಏಳುತ್ತಿಲ್ಲ. ನಾನು ಅಂಥವಳಲ್ಲ.

ಜುಲೈ ೨೧, ಬೆಳಗಿನ ಜಾವ

ಹೇಳಿದೆ. ಮೊದಲು ಯಾಕಿಗೆ — ಅಜ್ಜಿಗೆ. ಅವಳು ನಾರು ಹೊಸೆಯುತ್ತಿದ್ದಳು, ಕೈ ನಿಲ್ಲಿಸಲಿಲ್ಲ. "ನನಗ್ಯಾಕೆ ಹೇಳ್ತೀಯ. ನಾನೇನು ಬೆಟ್ಟ ಹತ್ತಿ ಹುಡುಕ್ತೀನಾ? ಬತು ಹತ್ರ ಓಡು."

ಓಡಿದೆ. ಎಲ್ಲರೆದುರಿಗೆ ಹೇಳಿದೆ. "ರಿಬ್ಬನ್ ಎಡಕ್ಕೆ ತಿರುಗಿಸಿದ್ದು ನಾನು. ಅವರು ಮೇಲಿದಾರೆ."

ಬತು ಮಾಮ ಜಗಿಯುವುದನ್ನು ನಿಲ್ಲಿಸಿದರು. ಅಡಿಕೆ ಉಗಿದು ಹಗ್ಗ ಹೆಗಲಿಗೆ ಹಾಕಿದರು. "ಬಿದಿರು ಮೆಳೆವರೆಗಾ?" ಹೂಂ ಅಂದೆ. ಆಮೇಲೆ ಹಿಂತಿರುಗಿ ನೋಡದೆ ಮುಂದೆ ಮುಂದೆ ಹತ್ತಿದರು. ಬೈದಿದ್ದರೆ ಹಗುರಾಗುತ್ತಿತ್ತು.

ಮೆಳೆ ತಲುಪುವಷ್ಟರಲ್ಲಿ ಮಂಜು. ಕೂಗಿದೆವು. ಬಿದಿರು ಕಿರುಗುಟ್ಟಿತು ಅಷ್ಟೆ. ಅಗ್ನಿಶಾಮಕದವರು ಇಳಿಯೋಣ ಎಂದರು. ಅಲ್ಲಿಂದ ಆಚೆ ನೋಡುತ್ತ ಬತು ಮಾಮ ತುಂಬ ಹೊತ್ತು ನಿಂತಿದ್ದರು. ಕಣಜಕ್ಕೆ ಹೆದರಿದವರ ನಿಲುವು ಅದಲ್ಲ.

ಬೆಳಕು ಹರಿದ ಕೂಡಲೇ ಮತ್ತೆ ಹತ್ತುವುದು. ಬೂಟು ಹಾಕಿಕೊಂಡೇ ಇದ್ದೇನೆ.

ಜುಲೈ ೨೧, ಮಧ್ಯಾಹ್ನ

ಬದುಕಿದ್ದಾರೆ. ತಾವೇ ಇಳಿದು ಬಂದರು.

ನಾವು ಕವಲಿನಲ್ಲಿದ್ದೆವು. ಎದುರಿಗೆ ಮುದುಕರು, ಪ್ಯಾಂಟು ಮೊಣಕಾಲಲ್ಲಿ ಹರಿದಿದೆ, ಕೈಯಲ್ಲಿ ಬಿದಿರು ಕೋಲು. ಮುಖ ಮಾತ್ರ — ಹೇಗೆ ಬರೆಯಲಿ — ಶಾಲೆ ತಪ್ಪಿಸಿ ಸಿಕ್ಕಿಬಿದ್ದ ಹುಡುಗನ ಹಾಗೆ.

"ಇಷ್ಟೊಂದು ಜನ ಯಾಕೆ? ನನಗೋಸ್ಕರನಾ? ಛೆ ಛೆ."

ರಿಬ್ಬನ್ ಮುಗಿದಾಗ ಮಡು ಹತ್ತಿರವೇ ಇರಬೇಕು ಅಂದುಕೊಂಡರಂತೆ. ಕಿವಿಗೊಟ್ಟರೆ ನೀರಿನ ಸದ್ದು. ಮೆಳೆ ದಾಟಿ, ಬೇರು ಹಿಡಿದು ಕೊರಕಲಿಗೆ ಇಳಿದರು. ಅಲ್ಲೊಂದು ಮಡು. ಹಸಿರು ಗಾಜು. ಮೀನು ಮೊಣಕೈ ಉದ್ದ, ಕಾಲಿಗೆ ಮೂಗು ತಾಗಿಸುತ್ತವೆ, ಹೆದರಿಕೆಯೇ ಇಲ್ಲ. ಈಜಿದರು, ಬಂಡೆಯ ಮೇಲೆ ಕೂತರು, ಹೊತ್ತು ಹೋದದ್ದು ತಿಳಿಯಲಿಲ್ಲ. ಫೋನು ನೀರಿಗೆ ಬಿತ್ತು. ರಾತ್ರಿ ಬಂಡೆಯ ಅಡಿ ಮಲಗಿದರು.

"ಐವತ್ತು ವರ್ಷದಿಂದ ಹೊಳೆಹೊಳೆ ತಿರುಗಿದೀನಿ. ಇಂಥ ನೀರು ನೋಡಿರಲಿಲ್ಲ. ಆ ರಿಬ್ಬನ್ ಕಟ್ಟಿದ ಪುಣ್ಯಾತ್ಮ ಯಾರೋ, ಅವನಿಗೆ ಒಂದೊಂದು ಮರದ ಹತ್ರಾನೂ ಕೈಮುಗಿದೆ."

ಯಾರೂ ನನ್ನ ಕಡೆ ನೋಡಲಿಲ್ಲ. ಎಲ್ಲರೂ ಸೇರಿ ನೋಡದೇ ಇರುವುದು ಎಷ್ಟು ಭಾರ.

ಕೆಳಗೆ ಹೆಂಡತಿ ಅವರನ್ನು ನೋಡಿದರು. ಅಳಲಿಲ್ಲ. ಹತ್ತಿರ ಬಂದು ಅಂಗಿಯಿಂದ ತೋಳಿಗೆ ಎರಡು ಬಾರಿಸಿದರು. "ಹಸಿವಾಗಿಲ್ವಾ ನಿಮಗೆ?" ಅಷ್ಟೇ ಮಾತು.

ಜುಲೈ ೨೨

ಕಣಜದ ಗೂಡು ಇಲ್ಲ. ಎಂದೂ ಇರಲಿಲ್ಲ.

ಬತು ಮಾಮ ಇವತ್ತು ಬಾಯಿ ಬಿಟ್ಟರು. ಅವರು ಹುಡುಗರಾಗಿದ್ದಾಗ ಕೆಳಗಿನ ಹೊಳೆಯಲ್ಲಿ ವಿಷ ಹಾಕಿ, ಕರೆಂಟು ಹಾಯಿಸಿ ಮೀನು ಹಿಡಿದು ಖಾಲಿ ಮಾಡಿದರಂತೆ. ಹೊರಗಿನವರಷ್ಟೇ ಅಲ್ಲ, ನಮ್ಮವರೂ. ಉಳಿದದ್ದು ಆ ಕೊರಕಲಿನಲ್ಲಿ ಮಾತ್ರ. ಈ ಹೊಳೆಯ ಮೀನಿಗೆಲ್ಲ ಬೀಜ ಅಲ್ಲಿಂದ. ದೊಡ್ಡವರೆಲ್ಲರಿಗೂ ಗೊತ್ತು. ಯಾರೂ ಹೇಳುವುದಿಲ್ಲ, ಹೋಗುವುದಿಲ್ಲ.

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಕರಪತ್ರ ಅಚ್ಚು ಹಾಕಿಸ್ತಿದ್ದೆ."

ನಿಜ. ಹಾಕಿಸುತ್ತಿದ್ದೆ.

ಖಾಲಿ ಬಿದಿರಿಗೆ ಕಳಿಸುತ್ತಿದ್ದೇನೆ ಎಂದುಕೊಂಡು, ಮೀನಿನ ಬೀಜದ ಬಾಗಿಲಿಗೇ ಬಾಣದ ಗುರುತು ಹಾಕಿದ್ದೇನೆ. ಅದನ್ನು ನೋಡಿ ಬಂದವರು ಊರೂರಿಗೆ ಹೇಳುವಷ್ಟು ಖುಷಿಯಲ್ಲಿದ್ದಾರೆ. ನಾನು ಮಾಡಿದ್ದು ಸರಿಯಾದ ಕಾರಣಕ್ಕೆ. ಆದದ್ದು ತಪ್ಪು. ತಪ್ಪಿನಿಂದ ಒಬ್ಬರಿಗೆ ಬದುಕಿನ ದೊಡ್ಡ ಸಂತೋಷ. ಇದರಲ್ಲಿ ಯಾವ ತುದಿ ಹಿಡಿದು ಎಳೆಯಲಿ?

ಎಡಗವಲಿನದನ್ನೆಲ್ಲ ಬಿಚ್ಚಿ ತಂದೆ. ಒಲೆಗೆ ಹಾಕಿದೆ. ಕೆಟ್ಟ ವಾಸನೆ.

ಜುಲೈ ೨೬

ಮೂರು ದಿನ ಚಂಡಮಾರುತದ ಮಳೆ. ನಮ್ಮನ್ನು ಸವರಿಕೊಂಡು ಹೋಯಿತು. ಹೊಳೆ ಕೆಸರು ಬಣ್ಣ.

ಒಲೆಯ ಸುತ್ತ ಎಲ್ಲರೂ ಒಳಗೇ. ಯಾಕಿ ಹೇಳಿದಳು — "ದಾರಿ ತಪ್ಪಿಸಿದ್ದಕ್ಕೆ ಹಂದಿ. ಕೋಳಿ ಅಲ್ಲ." ಸ್ಬಲಾಯ್, ಅಂದರೆ ರಾಜಿ ಮಾಡಬೇಕು ಎಂದು. ತಪ್ಪು ಮಾಡಿದ ಮನೆಯವರು ಹಂದಿ ಕಡಿದು, ನೀರಿನ ಪಕ್ಕ ನಿಂತು ನಡೆದದ್ದನ್ನು ನಡೆದ ಹಾಗೆ ಹೇಳಬೇಕು. ನೊಂದವರು ಕೂತು ಆ ಮಾಂಸ ಉಂಡರೆ ಮುಗಿಯಿತು. ಉಣ್ಣದಿದ್ದರೆ ಮುಗಿಯಲಿಲ್ಲ.

ಹಂದಿ ಇರುವುದು ಇಪಾಯ್ ಚಿಕ್ಕಮ್ಮನ ಹತ್ತಿರ.

"ಅದು ನನ್ನ ಮಗನ ಮದುವೆಗೆ ಅಂತ ಇಟ್ಟಿರೋದು."

"ನಿನ್ನ ಮಗನಿಗೆ ಹುಡುಗಿ ಸಿಗೋ ಹೊತ್ತಿಗೆ ಅದು ಮುದಿಯಾಗಿ ಸತ್ತಿರುತ್ತೆ" ಅಂದಳು ಯಾಕಿ.

"ಅಲ್ಲ ಅವ್ವ, ಆ ಮೇಷ್ಟ್ರು ಕುಣೀತಾ ಇಳಿದು ಬಂದ್ರು. ನೊಂದಿರೋದು ಯಾರು? ಸಂತೋಷಪಟ್ಟೋನಿಗೆ ಹಂದಿ ಕಡಿಯೋದು ಯಾವ ಸಂಪ್ರದಾಯ? ಹಾಗಾದ್ರೆ ಅವರೇ ನಮಗೆ ಕಡೀಲಿ."

ಎಲ್ಲರೂ ನಕ್ಕರು. ನನಗೂ ನಗು ಬಂತು, ಆಮೇಲೆ ನಾಚಿಕೆ. ಆದರೆ ಚಿಕ್ಕಮ್ಮ ಕೇಳಿದ್ದು ಸರಿಯೇ. ಯಾರಿಗೆ ಏನೆಂದು ಕ್ಷಮೆ ಕೇಳಲಿ? ಹೇಳದೇ ಬಿಟ್ಟರೆ ಅವರು ಸಂತೋಷವಾಗಿರುತ್ತಾರೆ. ಹೇಳಿದರೆ ಆ ಸಂತೋಷವನ್ನೂ ಕಿತ್ತುಕೊಂಡ ಹಾಗೆ.

ಬತು ಮಾಮ: "ಇಬ್ರನ್ನೂ ಕರ್ಕೊಂಡು ಬಾ. ಮುಂದಿನ ಶನಿವಾರ."

ಜುಲೈ ೨೮

ಪೇಟೆಗೆ ಬಸ್ಸಿನಲ್ಲಿ ಹೋಗಿ ಬಂದೆ. ಚಿಯೆನ್ ಮೇಷ್ಟ್ರ ಮನೆ ಮೂರನೇ ಮಹಡಿ. ಮೊಣಕಾಲಿಗೆ ಪಟ್ಟಿ. ಬಾಗಿಲಲ್ಲೇ ಕೈ ಹಿಡಿದುಕೊಂಡರು.

"ಬಾ ಮಗು, ಬಾ. ನನ್ನ ಹುಡುಕೋಕೆ ಬಂದಿದ್ಯಲ್ಲ ನೀನು. ಏನು ಹೆಸರು?"

"ರಿಮುಯ್."

"ರಿಮುಯ್, ಮುಂದಿನ ಭಾನುವಾರ ನಮ್ಮ ಸಂಘದೋರನ್ನೆಲ್ಲ ಕರ್ಕೊಂಡು ಬರ್ತಿದೀನಿ. ನಲವತ್ತು ಜನ ಒಪ್ಪಿದಾರೆ. ಆ ನೀರು ತೋರಿಸ್ಬೇಕು ಎಲ್ರಿಗೂ. ಮುದುಕರು ನಾವು, ಎಷ್ಟು ಬೇಸಿಗೆ ಉಳಿದಿದೆ ಹೇಳು."

ನನ್ನ ಕೈಗೆ ಒಂದು ಕಟ್ಟು ಕೊಟ್ಟರು. ಹೊಸ ರಿಬ್ಬನ್, ಕೇಸರಿ ಬಣ್ಣ, ಸಂಘದ ಹೆಸರು. "ಮೆಳೆ ಆಚೆ ಗುರುತು ಇಲ್ಲ ನೋಡು. ನೀನು ಊರಿನೋಳು, ಮುಂಚೆನೇ ಕಟ್ಟಿಡು."

ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ನಿಂತಿದ್ದರು. ಚಹಾ ತಂದಿಟ್ಟರು. ನನ್ನನ್ನು ನೋಡಿದರು, ಕಟ್ಟನ್ನು ನೋಡಿದರು. "ಇವರು ಬದುಕಿ ಬಂದಿದ್ದನ್ನ ಎಲ್ರೂ ಮೆಚ್ಕೋತಾರೆ. ಹೋಗಿದ್ದನ್ನ ಯಾರೂ ಬೈಯಲ್ಲ."

ಹೇಳಬೇಕಿತ್ತು. ಬಾಯಿಗೆ ಬಂದದ್ದು, "ಶನಿವಾರ ನಮ್ಮೂರಲ್ಲಿ ಹಂದಿ ಊಟ, ಇಬ್ಬರೂ ಬನ್ನಿ." ಮೇಷ್ಟ್ರಿಗೆ ಖುಷಿಯೋ ಖುಷಿ. ಬಸ್ಸಿನಲ್ಲಿ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಆಕ್ರಮಣಕಾರ ಎಂದರೆ ಇಂಥ ಮುಖ ಇರುತ್ತದೆ ಎಂದು ಯಾರೂ ಬರೆದಿಲ್ಲ.

ಆಗಸ್ಟ್ ೩, ಶನಿವಾರ, ಸಂಜೆ

ಸೇತುವೆಯ ಕೆಳಗೆ, ಹೊಳೆಯ ದಂಡೆ. ಹಂದಿ ಬೆಳಿಗ್ಗೆಯೇ ಕಡಿದಾಗಿತ್ತು. ಕಾಡು ಮೆಣಸು ಹಾಕಿ ಬೇಯಿಸಿದ್ದರು. ಮೇಷ್ಟ್ರು ಅನಾನಸ್ ಬಿಸ್ಕತ್ತಿನ ಡಬ್ಬಿಗಳನ್ನು ಹೊತ್ತು ಬಂದರು, ಮದುವೆಗೆ ಬಂದವರ ಹಾಗೆ. ಹೆಂಡತಿ ನೀರಿಗೆ ಬೆನ್ನು ಮಾಡಿ ಕೂತರು. ನಾಳೆಯಿಂದ ಬಯಲಿನವರಿಗೆ ದೆವ್ವಗಳ ತಿಂಗಳು, ಸತ್ತವರು ತಿರುಗಾಡುವ ಕಾಲ; ಹೊಳೆಯ ಹತ್ತಿರ ಸುಳಿಯುವುದಿಲ್ಲ.

ಮಾಂಸ ಹಂಚುವ ಮೊದಲು ನಾನು ಎದ್ದು ನಿಲ್ಲಬೇಕು. ನಿಂತೆ. ನಾಲ್ಕು ರಾತ್ರಿ ಕೂತು ಮಾತು ಸಿದ್ಧ ಮಾಡಿದ್ದೆ. ಒಂದೂ ಬರಲಿಲ್ಲ.

"ಮೇಷ್ಟ್ರೇ, ಆ ರಿಬ್ಬನ್ ಕಟ್ಟಿದ್ದು ನಾನು. ನಿಮ್ಮನ್ನ ಅಲ್ಲಿಗೆ ಕರೆಯೋಕಲ್ಲ. ಮಡುವಿಗೆ ಬರದ ಹಾಗೆ ಮಾಡೋಕೆ. ಮೇಲೆ ಏನೂ ಇಲ್ಲ ಅಂದ್ಕೊಂಡಿದ್ದೆ."

ಆ ಕೊರಕಲು ಮೀನಿನ ಬೀಜದ ಜಾಗ ಎಂಬುದನ್ನೂ ಹೇಳಿದೆ. ಬತು ಮಾಮ ಹೇಳು ಎಂದಿದ್ದರು.

ಮೇಷ್ಟ್ರ ನಗು ಒಂದೇ ಸಲಕ್ಕೆ ಹೋಗಲಿಲ್ಲ. ನೀರು ಇಂಗಿದ ಹಾಗೆ ನಿಧಾನಕ್ಕೆ ಹೋಯಿತು.

"ಹಾಗಾದ್ರೆ ಅದು ಮೋಸದ ದಾರಿ."

"ಹೌದು."

"ನೀರು ಮೋಸದ್ದಾಗಿರಲಿಲ್ಲ" ಅಂದರು. ಮತ್ತೆ, ತಮಗೇ ಹೇಳಿಕೊಂಡ ಹಾಗೆ — "ನಾನು ಮರಮರಕ್ಕೂ ಕೈಮುಗಿದೆನಲ್ಲ."

ಯಾಕಿ ಮಾಂಸದ ತುಂಡು ಎಲೆಯ ಮೇಲಿಟ್ಟು ಅವರ ಮುಂದೆ ಸರಿಸಿದಳು. ಅವರು ತೆಗೆದುಕೊಂಡರು. ತಿಂದರು. "ಮನಸಲ್ಲಿ ಏನೂ ಇಟ್ಕೊಂಡಿಲ್ಲ ಮಗು" ಅಂದರು. ಹಿಂದೆ ಯಾರೋ ಉಸಿರು ಬಿಟ್ಟರು. ಇಪಾಯ್ ಚಿಕ್ಕಮ್ಮ ಸೌಟು ಎತ್ತಿಕೊಂಡಳು. ಮುಗಿಯಿತು ಅಂದುಕೊಂಡೆ.

"ನನ್ನದೊಂದು ಮಾತಿದೆ." ಹೆಂಡತಿ.

ಸೌಟು ನಿಂತಿತು.

"ನಾನು ಸಂಜೆಯೆಲ್ಲ ಆ ನೀರಿನ ಹತ್ರ ಕೂತು ಅಂಗಿ ಬೀಸಿ ಇವರ ಹೆಸರು ಕರೆದೆ. ನಮ್ಮಲ್ಲಿ ಸತ್ತೋರನ್ನ ಹಾಗೆ ಕರೀತಾರೆ. ಬದುಕಿದ್ದೋರನ್ನ ಹಾಗೆ ಕರೆದುಬಿಟ್ಟೆ. ಈಗ ಆ ಅಂಗಿ ಇವರಿಗೆ ಹಾಕೋಕೆ ಕೊಡ್ಲಾ, ಸುಡ್ಲಾ, ಗೊತ್ತಾಗ್ತಿಲ್ಲ." ನನ್ನ ಕಡೆ ತಿರುಗಿದರು. "ಇವರು ಅಲ್ಲಿಲ್ಲ ಅಂತ ನಿನಗೆ ಯಾವಾಗ ಗೊತ್ತಾಯ್ತು?"

"ನೀವು ಅಂಗಿ ತೆಗೆಯೋಕೆ ಮುಂಚೆ."

"ನೋಡಿದ್ಯಾ ನನ್ನ?"

"ನೋಡಿದೆ. ಸೇತುವೆ ಮೇಲಿಂದ."

ಯಾಕಿ ನಿಧಾನಕ್ಕೆ ಅಂದಳು, "ಯಾರಿಗೆ ತಪ್ಪಾಗಿದೆ ಅಂತ ನಾವು ಸರಿಯಾಗಿ ಕೇಳ್ಲೇ ಇಲ್ಲ." ಇನ್ನೊಂದು ತುಂಡು ತೆಗೆದು, ದೊಡ್ಡದು, ಎಲೆಯ ಮೇಲಿಟ್ಟು ಎರಡೂ ಕೈಯಿಂದ ಅವರ ಮುಂದೆ ಹಿಡಿದಳು.

ಅವರು ತಿನ್ನಲಿಲ್ಲ. ಬೇಡ ಎನ್ನಲೂ ಇಲ್ಲ. ಎಲೆ ಮಡಿಚಿ ಸಂತೆಯ ಚೀಲದೊಳಗೆ ಇಟ್ಟುಕೊಂಡರು. ಇದಕ್ಕೇನು ಅರ್ಥ ಎಂದು ಯಾರಿಗೂ ತಿಳಿಯಲಿಲ್ಲ. ಯಾಕಿಗೂ.

ಬಸ್ಸಿನ ಹತ್ತಿರ ಮೇಷ್ಟ್ರು ನನ್ನನ್ನು ಕರೆದರು. "ನಾಳೆ ಬರೋರನ್ನ ಬೇಡ ಅನ್ನೋಕೆ ನನ್ನ ಕೈಲಾಗಲ್ಲ. ಅಷ್ಟು ಹೊಗಳಿಬಿಟ್ಟಿದೀನಿ. ಕವಲಿನವರೆಗೆ ಕರ್ಕೊಂಡು ಬರ್ತೀನಿ. ಅಲ್ಲಿಂದ ಮುಂದೆ ನೀನು."

ಆಗಸ್ಟ್ ೪, ಭಾನುವಾರ, ಕವಲಿನಲ್ಲಿ

ಬಂದು ಹೋದರು. ನಲವತ್ತಲ್ಲ. ದೆವ್ವಗಳ ತಿಂಗಳೆಂದು ಮುಕ್ಕಾಲು ಪಾಲು ಮನೆಯಲ್ಲೇ ಉಳಿದಿದ್ದಾರೆ. ಉಳಿದವರು ಬೆವರು ಒರೆಸುತ್ತ ಕರ್ಪೂರದ ಮರದ ಸುತ್ತ ನಿಂತರು. ಮೇಷ್ಟ್ರು ನನ್ನ ಕಡೆ ಕೈ ತೋರಿಸಿ ಹಿಂದೆ ಸರಿದರು.

"ಬಲಕ್ಕೆ ಮಡು ಇದೆ. ಮುಚ್ಚಿದೀವಿ. ಎಡಕ್ಕೂ ಮಡು ಇದೆ. ಅಲ್ಲಿಂದಲೇ ಈ ಹೊಳೆಗೆ ಮೀನು ಬರೋದು. ಎರಡಕ್ಕೂ ಹೋಗಬೇಡಿ ಅಂತ ಕೇಳ್ಕೋತೀನಿ."

"ಹೋದ್ರೆ ಏನು ಮಾಡ್ತೀಯಮ್ಮ?" ಒಬ್ಬರು ಕೇಳಿದರು. ಗಲಾಟೆಗಲ್ಲ, ತಿಳಿಯಲೆಂದೇ.

"ಗೊತ್ತಿಲ್ಲ."

ನಿಜವಾಗಿ ಗೊತ್ತಿರಲಿಲ್ಲ. ಅವರವರೇ ಗುಸುಗುಸು ಮಾತಾಡಿಕೊಂಡರು. "ಹಾಗಾದ್ರೆ ಇಷ್ಟು ದೂರ ಯಾಕೆ ಬಂದ್ವಿ?" "ಶರಬತ್ತು ಕುಡಿಯೋಕೆ." ಹೆಚ್ಚಿನವರು ಮೇಷ್ಟ್ರ ಜೊತೆ ಅಂಗಡಿಯ ಕಡೆ ಇಳಿದರು. ಇಬ್ಬರು, ವಯಸ್ಸಿನಲ್ಲಿ ಚಿಕ್ಕವರು, ಗಂಡ ಹೆಂಡತಿ, ಸ್ವಲ್ಪ ದೂರ ನೋಡಿ ಬರುತ್ತೇವೆ ಎಂದು ಎಡಕ್ಕೆ ಹತ್ತಿದರು. ಕೇಸರಿ ರಿಬ್ಬನ್ ನಾನು ಕಟ್ಟಿಲ್ಲ. ಆದರೂ ಹತ್ತಿದರು. ತಡೆಯಲಿಲ್ಲ ನಾನು. ಕೈ ಚಾಚಿದ್ದರೆ ಸಿಗುವಷ್ಟು ಹತ್ತಿರ ಇದ್ದರು.

ಬತು ಮಾಮ ಹೊಸ ಅಡಿಕೆ ಬಾಯಿಗೆ ಹಾಕಿ ಎದ್ದರು. "ನಾನೂ ಹೋಗಿ ಅವರ ಪಕ್ಕ ಕೂತ್ಕೊಳ್ತೀನಿ. ಕಾಲು ಅದ್ದಿದ್ರೆ ಕಣಜದ ಕಥೆ ಹೇಳ್ತೀನಿ."

ಮೇಷ್ಟ್ರ ಜೊತೆ ಬಂದಿದ್ದ ಅವರ ಹೆಂಡತಿ ಇಳಿಯಲಿಲ್ಲ. ಎಲ್ಲರೂ ಹೋದ ಮೇಲೂ ಇಲ್ಲೇ, ನನ್ನೆದುರಿನ ಕಲ್ಲಿನ ಮೇಲೆ ಕೂತಿದ್ದಾರೆ. ಚೀಲ ತೊಡೆಯ ಮೇಲೆ.

"ಏನು ಬರೀತಿದೀಯ?"

"ದಿನಚರಿ."

"ನನ್ನ ಬಗ್ಗೆನಾ?"

"ಹೌದು."

"ಅವತ್ತಿಂದು ಬರೆದಿದೀಯಾ? ಸೇತುವೆ ಮೇಲೆ ನಿಂತಿದ್ದು?"

"ನಿಂತಿದ್ದಾಗಲೇ ಬರೆದೆ."

ಪುಟದ ಕಡೆ ನೋಡಿದರು. ಬರೆಯುತ್ತ ಕೂತವಳು, ಓಡಬೇಕಿದ್ದವಳು — ಅದನ್ನೇ ಯೋಚಿಸುತ್ತಿದ್ದಾರೆ ಅನ್ನಿಸಿತು. ನಾನೂ ಅದನ್ನೇ.

ಮೇಲೆ ಬಿದಿರು ಅಲುಗಿದ ಸದ್ದು. ಅವರಿಬ್ಬರೋ, ಗಾಳಿಯೋ. ಮಾಮ ಇನ್ನೂ ಕೂಗಿಲ್ಲ.

ಚೀಲದಿಂದ ಎಲೆ ತೆಗೆದರು. ಬಿಚ್ಚಿದರು. ನಿನ್ನೆಯ ಮಾಂಸ, ಕೊಬ್ಬು ಬಿಳಿಯಾಗಿ ಹೆಪ್ಪುಗಟ್ಟಿದೆ. ಮೂಸಿ ನೋಡಿದರು. ಬೆರಳಲ್ಲಿ ಎರಡು ಪಾಲು ಮಾಡಿದರು. ಒಂದು ನನ್ನ ಕಡೆ ಚಾಚಿದರು, ಇನ್ನೊಂದು ಅವರ ಕೈಯಲ್ಲೇ ಇದೆ. ಬಾಯಿಗೆ ಇಟ್ಟಿಲ್ಲ.

"ಮೊದಲು ಒಂದು ಹೇಳು" ಅಂದರು. "ಇವತ್ತು ನಾನು ಇಲ್ಲಿ ಕೂತಿರದಿದ್ರೆ ನೀನು ಮೇಲೆ ಹೋದೋರ ಹಿಂದೆ ಓಡ್ತಿದ್ಯಾ, ಇಲ್ಲೇ ಬರೀತಾ ಕೂರ್ತಿದ್ಯಾ?"